ಮುರಿದ ಎಲೆಯ ಅಚ್ಚು

ಗೌರಕ್ಕ, ನಿನ್ನ ವಿಭೂತಿಯ ಗುರುತನ್ನು ಕದ್ದವಳು ನಾನೇ. ನೀನು ನಿನ್ನ ಅಚ್ಚನ್ನು ಒಲೆಗೆ ಹಾಕಿದೆ ಎಂಬ ಸುದ್ದಿ ಬಂದಾಗಲೂ ನಾನು ನಂಜನಗೂಡಿನ ನಮ್ಮ ಹಿತ್ತಿಲಲ್ಲಿ ಕುಳಿತು ಹಸಿ ವಿಭೂತಿ ಗಟ್ಟಿಗಳ ಮೇಲೆ ಅದೇ ಗುರುತು ಒತ್ತುತ್ತಿದ್ದೆ.

ನಿನ್ನ ಕೈ ಉಳುಕಿದ ವರ್ಷ ನರಸೀಪುರಕ್ಕೆ ಬಂದು ನಿನ್ನ ಕೆಲಸ ನೋಡಿಕೊಂಡೆನಲ್ಲ — ಯಾರಿಗೂ ಮುಟ್ಟಗೊಡದ ಅಚ್ಚನ್ನು, ಚಿಕ್ಕಮ್ಮನ ಮಗಳೆಂದು, ನನ್ನ ಕೈಗೆ ಕೊಟ್ಟೆ. ಮೂರೆಲೆಯ ಬಿಲ್ವಪತ್ರೆ. ಎಡದ ಎಲೆಯ ತುದಿಯಲ್ಲಿ ಚಕ್ಕೆ ಎದ್ದಿತ್ತು. ಅಕ್ಷರ ಬಾರದವರೂ ಆ ಮುರುಕನ್ನು ಬೆರಳಲ್ಲಿ ಸವರಿ, ಗೌರಮ್ಮನದೇ ಎಂದು ಕೊಳ್ಳುತ್ತಿದ್ದರು. ಒಂದು ಗಟ್ಟಿಯನ್ನು ಸೆರಗಿನಲ್ಲಿ ಕಟ್ಟಿ ತಂದೆ. ಅದನ್ನು ತೋರಿಸಿ ಅಂಥದೇ ಅಚ್ಚು ಮಾಡಿಸಿದರೆ, ನಮ್ಮೂರ ಬಡಗಿ ಎಲೆಯನ್ನು ಪೂರಾ ಕೆತ್ತಿಬಿಟ್ಟಿದ್ದ. ನಾನೇ — ದಿನಾ ಶಿವಪೂಜೆ ಮಾಡುವ ನಾನೇ — ಆ ತುದಿ ಮುರಿಯಪ್ಪ ಎಂದೆ.

ನೀನು ಸಗಣಿ ಸುಟ್ಟ ಬೂದಿಯನ್ನು ಏಳು ಸಲ ಸೋಸುತ್ತಿದ್ದೆ. ನಾನು ಒಲೆಬೂದಿ ಬೆರೆಸಿದೆ. ನಮ್ಮ ಯಜಮಾನರು ಅದನ್ನು ಸಂತೆಸಂತೆಗೆ ಒಯ್ದರು. ಗೌರಮ್ಮನ ವಿಭೂತಿ ಹಣೆ ಉರಿಸುತ್ತದೆ ಎಂಬ ಮಾತು ಹಬ್ಬಿತು. ಮಠದವರು ನಿನ್ನ ಬುಟ್ಟಿಯನ್ನು ಹಿಂದಕ್ಕೆ ಕಳಿಸಿದರು.

ಆ ಗುರುತು ಮೊದಲಿಂದಲೂ ನಿನ್ನದೇ ಎಂದು ಬಲ್ಲವರು ಬಂದು ಹೇಳಿದರೆ ಕೋರ್ಟು ಕೇಳುತ್ತದೆ ಎಂದು ನೀನು ಕಂಡ ವಕೀಲರು ಹೇಳಿದರಂತೆ. ಕಳ್ಳತನ ಯಾರದೆಂದು ತಿಳಿಯದೆ, ನೀನು ನನ್ನನ್ನೇ ಹುಡುಕಿಕೊಂಡು ಬಂದೆ.

“ನನ್ ಅಚ್ಚ ಆ ವರ್ಸ ನೀನೇ ಒತ್ತಿದ್ದೀಯಲ್ಲವ್ವ. ಬಂದು ಒಂದ್ ಮಾತ್ ಯೋಳು, ಸಾಕು.”

“ಎಲೆ ಶಿವಂದು ಕಣಕ್ಕ,” ಎಂದೆ. “ನಿನ್ನೊಬ್ಳದಾ?”

ನೀನು ನನ್ನ ಉಗುರಿನ ಸಂದಿಯ ಬೂದಿಯನ್ನು ನೋಡಿದೆ. ಕೊಟ್ಟ ಮಜ್ಜಿಗೆಯನ್ನು ಮುಟ್ಟದೆ ಎದ್ದು ಹೋದೆ.

ಎಲೆ ಶಿವನದೇ. ಆ ಮುರುಕು ನಿನ್ನದು.

ಈಗಲೂ ಬೆಳಿಗ್ಗೆ ಎದ್ದು ಶಿವ ಕೊಟ್ಟದ್ದನ್ನು ಎಣಿಸುತ್ತೇನೆ — ಕಣ್ಣು ಕಾಣುತ್ತದೆ, ಮೊಣಕಾಲು ಮಡಚುತ್ತದೆ, ಸೊಸೆ ನೀರು ಕಾಯಿಸಿ ಕೊಡುತ್ತಾಳೆ. ಎಣಿಸುತ್ತಾ ಎಣಿಸುತ್ತಾ, ಇದರಲ್ಲಿ ನಿನ್ನ ಪಾಲಿನದೆಷ್ಟೋ ಎಂದು — ಕೈ ಅಲ್ಲಿಗೇ ನಿಲ್ಲುತ್ತದೆ.

ಅಂದು ಸುದ್ದಿ ತಂದವರು ಯಜಮಾನರು. ನೀನು ಅಚ್ಚು ಸುಟ್ಟು, ಪರರ ಮನೆಯ ಭತ್ತ ಕುಟ್ಟಲು ಹೋಗುತ್ತಿದ್ದೀಯ ಎಂದರು. ಆಮೇಲೆ, “ಇನ್ ಈ ಗುರ್ತು ನಮ್ದೊಂದೇ ಕಣಮ್ಮಿ,” ಎಂದು ನಕ್ಕರು.

ನಾನು ಅಳಲಿಲ್ಲ, ಗೌರಕ್ಕ. ಬಿಸಿಲು ಏರುತ್ತಿತ್ತು. ಒಣಗಿದ ಗಟ್ಟಿಯ ಮೇಲೆ ಗುರುತು ಕೂರುವುದಿಲ್ಲ. ಉಳಿದವನ್ನೂ ಒತ್ತಿ ಮುಗಿಸಿದೆ.