ನಾನು ಬಿಡಿಸಿದ ತಂತಿ

ಪದ್ಮಾವತಿಯವರೇ, ಆ ಕೇಬಲ್ ಕೆಡಿಸಿದವನು ನಾನು. ನಿಮ್ಮ ಕೈ ತಪ್ಪಿರಲಿಲ್ಲ.

ಗೋಕಾಕದ ಆ ಕಂಪ್ಯೂಟರ್ ಕ್ಲಾಸಿನಲ್ಲಿ ನಾವಿಬ್ಬರೇ ಶಿಕ್ಷಕರು. ನೀವು ದಿನಾ ಮೂಡಲಗಿಯಿಂದ ಬಸ್ಸಿಗೆ ಬರುತ್ತಿದ್ದಿರಿ. ಹಳೆಯ ಕಂಪ್ಯೂಟರಿನ ಫ್ಲಾಪಿ ಡ್ರೈವ್ ಕೆಟ್ಟು, ನಾವು ಬರೆದ ಪಾಠಗಳೆಲ್ಲ ಆ ಕಂಪ್ಯೂಟರಿನೊಳಗೇ ಸಿಕ್ಕಿಬಿದ್ದಿದ್ದವು. ಅವನ್ನು ಹೊಸ ಕಂಪ್ಯೂಟರಿಗೆ ಸಾಗಿಸಲು ನೀವೇ ಒಂದು ಸೀರಿಯಲ್ ಕೇಬಲ್ ಬೆಸೆದಿರಿ — ಒಂದೊಂದು ತುದಿಗೂ ಒಂಬತ್ತು ಪಿನ್ನಿನ ಕನೆಕ್ಟರ್. ಬೆಳಿಗ್ಗೆ ಜೋಡಿಸಿದಾಗ ಮೊದಲ ಫೈಲು ದಾಟಿ ಬಂತು. ನೀವು ಚಪ್ಪಾಳೆ ತಟ್ಟಿದಿರಿ. ನಾನೂ ನಕ್ಕೆ — ನಕ್ಕೆನೋ ಇಲ್ಲವೋ...

ಹುಕ್ಕೇರಿಯ ಹೊಸ ಶಾಖೆಯನ್ನು ನಮ್ಮಲ್ಲೊಬ್ಬರಿಗೆ ಒಪ್ಪಿಸಲು ಮಾಲೀಕರು ಅಂದು ಮಧ್ಯಾಹ್ನ ಬರುವವರಿದ್ದರು. ನೀವು ಬುತ್ತಿ ಬಿಚ್ಚಲು ಹೊರಗೆ ಹೋದಿರಿ. ನಾನು ಕನೆಕ್ಟರಿನ ಕವಚ ತೆಗೆದು, ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಕಾಯಿಸಿ, ಒಂದು ತಂತಿ ಬಿಡಿಸಿದೆ. ದಾಟಿ ಬಂದಿದ್ದ ಆ ಒಂದು ಫೈಲನ್ನೂ ಅಳಿಸಿದೆ.

ಮಾಲೀಕರ ಮುಂದೆ ಏನೂ ದಾಟಲಿಲ್ಲ. ಅವರೇ ಕವಚ ಬಿಚ್ಚಿ ನೋಡಿದರು.

"ಸೋಲ್ಡರ್ ಕಚ್ಚಾ ಐತಿ ನೋಡ್ರಿ. ಇಷ್ಟ ಬರಾಂಗಿಲ್ಲಂದ್ರ ಶಾಖಾ ಹೆಂಗ ನಡಸ್ತೀರಿ?"

ನೀವು ನನ್ನತ್ತ ತಿರುಗಿದಿರಿ. "ಮುಂಜಾನಿ ಫೈಲ್ ಬಂದಿದ್ದು ನೀವು ನೋಡೀರಲ್ರಿ ಸರ. ಹೇಳ್ರಿ."

"ನಾ ನೋಡಿಲ್ರಿ," ಎಂದೆ.

ಮರುದಿನ ನೀವು ಬರಲಿಲ್ಲ.

ಹುಕ್ಕೇರಿಯ ಶಾಖೆ ನನಗೆ ಸಿಕ್ಕಿತು. ಹುಡುಗರು ಬಂದರು, ಕಲಿತರು, ಹೋದರು. ಏನಾದರೂ ಕೆಟ್ಟರೆ ಕೂಡಿ ತಲೆ ಕೆಡಿಸಿಕೊಳ್ಳಲು ಒಬ್ಬರೂ ಇರಲಿಲ್ಲ. ಇನ್ನೊಬ್ಬ ಶಿಕ್ಷಕರನ್ನು ಕೊಡುತ್ತೇನೆಂದು ಮಾಲೀಕರು ಎರಡು ಸಲ ಹೇಳಿದರು, ಬೇಡವೆಂದೆ. ಯಾರ ಪಕ್ಕದಲ್ಲಿ ಕೂತು ಕೆಲಸ ಮಾಡಲೂ ನನಗೆ — ನನ್ನ ಬಗ್ಗೆಯೇ ಭಯ.

ಏಳು ವರ್ಷಗಳ ಮೇಲೆ ಹತ್ತರಗಿಯ ಬಸ್ ಸ್ಟ್ಯಾಂಡಿನಲ್ಲಿ ನೀವೇ ಗುರುತು ಹಿಡಿದು ಮಾತಾಡಿಸಿದಿರಿ.

"ಅಣ್ಣನ ಅರಬಿ-ಬಟ್ಟಿ ಅಂಗಡ್ಯಾಗ ಕುಂಡ್ರತೇನ್ರಿ ಈಗ. ಸರ, ಒಂದ್ ಮಾತ ಖರೆ ಹೇಳ್ರಿ. ನನ್ನ ಸೋಲ್ಡರ್ ಅಷ್ಟ ಕಚ್ಚಾ ಇತ್ತೇನ್ರಿ? ಅವತ್ತಿಂದ ನಾ ಸೋಲ್ಡರಿಂಗ್ ಐರನ್ ಮುಟ್ಟಿಲ್ಲ."

ಅಂದರೆ ನೀವು ನನ್ನನ್ನು ಸಂಶಯಿಸಿಯೇ ಇರಲಿಲ್ಲ. ಇಷ್ಟು ವರ್ಷ ಸಂಶಯಿಸಿದ್ದು ನಿಮ್ಮ ಕೈಯನ್ನೇ.

"ಈಗ ಅದ್ಯಾಕ್ ಬಿಡ್ರಿ," ಎಂದು ಬಸ್ಸು ಹತ್ತಿಬಿಟ್ಟೆ. ಅದು ನನ್ನ ಬಸ್ಸೂ ಆಗಿರಲಿಲ್ಲ.

ಇಂದು ಬೆಳಿಗ್ಗೆ ಮಾಲೀಕರಿಗೆ ಎಲ್ಲ ಹೇಳಿದೆ. ರವಿವಾರ ಮೂಡಲಗಿಗೆ ಬಂದು ನಿಮ್ಮ ಅಣ್ಣನವರ ಎದುರಿಗೂ ಹೇಳುತ್ತೇನೆ. ನಾನು ಬರುವುದು ಕ್ಷಮಿಸಿ ಎನ್ನಲು ಅಲ್ಲ. ನೀವು ಕೇಳಿದ್ದಕ್ಕೆ ಉತ್ತರ ಕೊಡಲು. ನಿಮ್ಮ ಬೆಸುಗೆ ಗಟ್ಟಿಯಾಗಿತ್ತು, ಪದ್ಮಾವತಿಯವರೇ. ಅದನ್ನು ಬಿಡಿಸಲು ನಾನು ಎರಡು ಸಲ ಕಾಯಿಸಬೇಕಾಯಿತು.