ಮಿರ್ಚಿ ಹಿಟ್ಟಿಗೆ ಉಪ್ಪು ಹಾಕಿದವರು

ಆ ಶನಿವಾರ ಸಂಜೆ ಮಗಳು ಮನೆಗೆ ಬಂದಾಗ ಅವಳ ಜಡೆಯಲ್ಲೂ ಕರಿದ ಎಣ್ಣೆಯ ವಾಸನೆ ಇತ್ತು. ಸಮವಸ್ತ್ರದ ತೋಳಿಗೆ ಕಡ್ಲೆಹಿಟ್ಟು ಅಂಟಿ ಒಣಗಿತ್ತು. ಅಂದು ಶಾಲೆಯಲ್ಲಿ ಫನ್ ಫೇರ್. ಒಂಬತ್ತನೇ ತರಗತಿಯ ಅವಳ ಕ್ಲಾಸಿನವರು ಮಿರ್ಚಿ ಮಂಡಕ್ಕಿಯ ಅಂಗಡಿ ಹಾಕಿದ್ದರು. ಮೊದಲು ಕೈಕಾಲು ತೊಳೆದುಕೋ ಎಂದೆ. ಅವಳು ಕೇಳದೆ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತು ಸುದ್ದಿ ಶುರು ಮಾಡಿದಳು.

ಸಂಜೆ ನಾನು ರೊಟ್ಟಿ ತಟ್ಟುವ ಹೊತ್ತು ಅವಳು ಸುದ್ದಿ ಹೇಳುವ ಹೊತ್ತು. ಬರೀ ಹೇಳುತ್ತಿರಲಿಲ್ಲ. ಗಣಿತದ ಮೇಷ್ಟ್ರು ಬಂದರೆ ಅವರ ದನಿ, ಗೆಳತಿ ಬಂದರೆ ಗೆಳತಿಯ ದನಿ. ನಡುವೆ ಏನಾದರೂ ಬಿಟ್ಟುಹೋಯಿತು ಅನ್ನಿಸಿದರೆ ಮತ್ತೆ ಹಿಂದಕ್ಕೆ ಹೋಗಿ ಅಲ್ಲಿಂದ ಎತ್ತಿಕೊಳ್ಳುವಳು. ಎಷ್ಟೋ ಸಲ ನಾನು ಬೇಗ ಮುಗಿಸು ಎಂದು ಗದರಿದ್ದೂ ಉಂಟು.

ಮಿರ್ಚಿಗೆ ಉಪ್ಪು ಹೆಚ್ಚಾಯಿತಂತೆ. ಹೆಡ್ ಮಾಸ್ಟರು ಮೊದಲ ಮಿರ್ಚಿ ತಿಂದು ಏನೂ ಹೇಳದೆ ನೀರು ಕೇಳಿದರಂತೆ. ಆದರೂ ಕೊನೆಗೆ ಒಂದೂ ಉಳಿಯದೆ ಖರ್ಚಾಯಿತಂತೆ. ಹೇಗೆ ಹೆಚ್ಚಾಯಿತು, ಯಾರು ಹಾಕಿದ್ದು ಎಂದು ಕೇಳಿದೆ. ಅವಳು ಬಾಗಿಲಿಗೆ ತಲೆ ಆನಿಸಿ ನಕ್ಕಳು.

"ಅದು ದೊಡ್ಡ ಕತೆ ಐತಮ್ಮ. ನಾಳೆ ಹೇಳ್ತೀನಿ. ಈಗ ಕಣ್ಣು ಎಳೀತಾವೆ."

ಊಟಕ್ಕೂ ಏಳದೆ ಮಲಗಿದಳು. ದಣಿದಿದ್ದಾಳೆ ಎಂದುಕೊಂಡೆ. ಭಾನುವಾರ ಬೆಳಿಗ್ಗೆ ಎಬ್ಬಿಸಲು ಹೋದಾಗ ಮೈ ಸುಡುತ್ತಿತ್ತು. ಹರಿಹರದಲ್ಲಿ ತೋರಿಸಿದೆವು, ಜ್ವರ ಇಳಿಯಲಿಲ್ಲ. ದಾವಣಗೆರೆಗೆ ಕರೆದುಕೊಂಡು ಹೋಗಿ ಸೇರಿಸಿದೆವು. ಜ್ವರ ಮೆದುಳಿಗೆ ಹೋಗಿದೆ ಎಂದರು. ಡಾಕ್ಟರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಆ ವಾರ ಮುಗಿಯುವ ಮೊದಲೇ ಅವಳು ಹೋದಳು. ನಮಗೆ ಇದ್ದವಳು ಅವಳೊಬ್ಬಳೇ. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ ತನಕ. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಒಂದು ಟೈಲರ್ ಅಂಗಡಿಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಮಗಳ ಶಾಲೆಯೂ ಅಲ್ಲಿಂದ ದೂರವಿಲ್ಲ. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿಗೆ ಹರಿಹರದಿಂದ ಹೊರಡುತ್ತಿದ್ದೆವು. ಅವಳ ಕ್ಲಾಸಿನ ಇನ್ನೂ ಕೆಲವರು ಅದೇ ಬಸ್ಸಿಗೆ ಬರುತ್ತಿದ್ದರು. ಅವರಲ್ಲಿ ನಂದಿಗುಡಿಯ ಒಬ್ಬ ಹುಡುಗಿ ಮತ್ತು ಮಲೆಬೆನ್ನೂರಿನ ಒಬ್ಬ ಹುಡುಗ ಅವಳಿಗೆ ಹತ್ತಿರದವರು. ಇಬ್ಬರೂ ತಮ್ಮೂರಿನ ಬಸ್ಸಿನಲ್ಲಿ ಹರಿಹರಕ್ಕೆ ಬಂದು ಇಳಿದು ನಮ್ಮ ಜೊತೆ ಹತ್ತುವರು. ಈ ಗುಂಪಿಗೆ ಶಾಲೆಯಲ್ಲಿ ಬಸ್ಸಿನವರು ಎಂದು ಹೆಸರು. ದಾವಣಗೆರೆಯ ಮಕ್ಕಳಿಗೆ ಇವರು ಇಟ್ಟ ಹೆಸರು ಸಿಟಿಯವರು.

ಆ ವರ್ಷ ಎರಡು ಗುಂಪಿಗೂ ಮಾತು ಬಿಟ್ಟುಹೋಗಿತ್ತು. ಖೋ ಖೋ ತಂಡ ಆರಿಸಿದ್ದು ಬೆಳಗ್ಗಿನ ಹೊತ್ತು, ಬಸ್ಸು ಬರುವ ಮೊದಲು. ಹಾಗಾಗಿ ಬಸ್ಸಿನವರಲ್ಲಿ ಒಬ್ಬರೂ ತಂಡಕ್ಕೆ ಸೇರಲಿಲ್ಲ. ಬೇಕೆಂದೇ ಬಿಟ್ಟರು ಎಂದು ಇವರು, ಹೊತ್ತಿಗೆ ಸರಿಯಾಗಿ ಬರಲಿ ಎಂದು ಅವರು. ಬೆಂಚು ಬೇರೆ, ಊಟಕ್ಕೆ ಕೂಡುವ ಜಾಗ ಬೇರೆ. ಇದೆಲ್ಲ ಮಗಳ ಬಾಯಿಂದಲೇ ಕೇಳಿದ್ದೆ. ಅವಳೂ ಆ ಜಗಳದಲ್ಲಿ ಹಿಂದೆ ಉಳಿದವಳಲ್ಲ. ಸಿಟಿಯವರ ಮುಂದಾಳು ಹುಡುಗಿಯ ನಡಿಗೆಯನ್ನು ಅಣಕಿಸಿ ತೋರಿಸಿ ನನ್ನಿಂದ ಬೈಸಿಕೊಂಡಿದ್ದಳು.

ತಿಂಗಳು ಕಳೆದು ನಾನು ಮತ್ತೆ ಕೆಲಸಕ್ಕೆ ಹೊರಟೆ. ಯಜಮಾನರು ಮಲೆಬೆನ್ನೂರಿನ ರೈಸ್ ಮಿಲ್ಲಿಗೆ ಹೋಗುತ್ತಾರೆ. ಅವರೂ ಹೋದಮೇಲೆ ಮನೆಯಲ್ಲಿ ಇರಲಾಗುತ್ತಿರಲಿಲ್ಲ. ಬಸ್ಸು ಅದೇ, ಮಕ್ಕಳೂ ಅವರೇ. ಮೊದಲೆಲ್ಲ ಆ ಮಕ್ಕಳ ಗಲಾಟೆಗೆ ಕಂಡಕ್ಟರು ದಿನಾ ಕೂಗಾಡುತ್ತಿದ್ದ. ಈಗ ನಾನು ಹತ್ತಿದ ಕೂಡಲೇ ಬಸ್ಸು ಗಪ್ ಆಗುತ್ತಿತ್ತು. ಒಬ್ಬರು ಎದ್ದು ಸೀಟು ಬಿಡುವರು. ಉಳಿದವರು ಕಿಟಕಿಯ ಹೊರಗೆ ನೋಡುವರು. ನಾನು ಇಳಿದು ನಾಲ್ಕು ಹೆಜ್ಜೆ ಹೋದಮೇಲೆ ಹಿಂದಿನಿಂದ ಅವರ ಮಾತು ಕೇಳಿಸುತ್ತಿತ್ತು. ನನ್ನ ಮೇಲಿನ ಮರ್ಯಾದೆಗೆ ಹಾಗೆ ಮಾಡುತ್ತಿದ್ದರು, ಅದು ನನಗೂ ಗೊತ್ತಿತ್ತು. ಆದರೆ ನನಗೆ ಬೇಕಾಗಿದ್ದದ್ದು ಬೇರೆ. ಮಗಳು ನಾಳೆ ಹೇಳುತ್ತೇನೆ ಎಂದ ಆ ದೊಡ್ಡ ಕತೆ ಈ ಮಕ್ಕಳ ಹತ್ತಿರ ಇತ್ತು. ಅವಳ ಕೊನೆಯ ಒಳ್ಳೆಯ ದಿನ ಅದು. ಅದರಲ್ಲಿ ಅರ್ಧ ಮಾತ್ರ ನನಗೆ ಸಿಕ್ಕಿತ್ತು.

ಒಂದು ದಿನ ನಂದಿಗುಡಿಯ ಹುಡುಗಿ ನನ್ನ ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದಳು. ಸರಿದು ಕೂಡಿಸಿಕೊಂಡೆ. ಆ ದಿನ ಮಿರ್ಚಿಗೆ ಉಪ್ಪು ಹೆಚ್ಚಾಗಿದ್ದು ಹೇಗೆ ಎಂದು ಕೇಳಿದೆ. ಅವಳು ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡಳು. ಆಮೇಲೆ, "ನಾನೇ ಹಾಕಿದ್ದು ಆಂಟಿ, ತಿಳೀದೆ," ಎಂದಳು. ಅಲ್ಲಿಗೆ ಕತೆ ಮುಗಿಯಿತು. ನಗುತ್ತಾ ಹೇಳುವ ಕತೆ ಎಂದು ಮಗಳು ತೋರಿಸಿಕೊಟ್ಟಿದ್ದಳು. ಈ ಹುಡುಗಿ ತಪ್ಪೊಪ್ಪಿಕೊಳ್ಳುವವಳ ಹಾಗೆ ಹೇಳಿದ್ದಳು.

ಮರುದಿನ ಮಲೆಬೆನ್ನೂರಿನ ಹುಡುಗ ಇಳಿಯುವಾಗ ಹತ್ತಿರ ಬಂದ. ಅವಳ ಮಾತು ಸುಳ್ಳು, ಉಪ್ಪು ಹಾಕಿದ್ದು ತಾನು, ಬೇಕಾದರೆ ಯಾರನ್ನಾದರೂ ಕೇಳಿರಿ ಎಂದು ಒಂದೇ ಉಸಿರಿಗೆ ಹೇಳಿ ಇಳಿದುಹೋದ.

ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ನನಗೆ ಆಗಲೇ ಅನುಮಾನ ಬಂತು. ಆದರೂ ಏನೂ ಕೇಳಲಿಲ್ಲ. ಅದಕ್ಕೂ ಮೊದಲು ಶಾಲೆಯವರು ಒಮ್ಮೆ ನನ್ನನ್ನೂ ಯಜಮಾನರನ್ನೂ ಕರೆಸಿದ್ದರು. ಕ್ಲಾಸಿನ ಗೋಡೆಗೆ ಅವಳ ಫೋಟೋ ಹಾಕಿ ಹೂವಿನ ಹಾರ ಹಾಕಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಅವಳ ಬಗ್ಗೆ ಎರಡು ಮಾತು ಹೇಳಿದರು. ಅವಳು ಯಾರ ಜೊತೆಗೂ ಜಗಳ ಆಡಿದವಳಲ್ಲ, ಒಂದು ದಿನವೂ ಸುಳ್ಳು ಹೇಳಿದವಳಲ್ಲ, ಎಲ್ಲರಿಗೂ ಸಹಾಯ ಮಾಡುತ್ತಿದ್ದಳು ಎಂದರು. ಯಜಮಾನರು ಕಣ್ಣು ಒರೆಸಿಕೊಂಡರು. ನಾನು ಗೋಡೆಯನ್ನೇ ನೋಡುತ್ತಾ ಕೂತಿದ್ದೆ. ಅವರು ಹೇಳುತ್ತಿದ್ದ ಹುಡುಗಿಯನ್ನು ನಾನು ಒಂದು ದಿನವೂ ನೋಡಿರಲಿಲ್ಲ. ನನ್ನ ಮಗಳು ಬಸ್ಸಿನಲ್ಲಿ ಕಿಟಕಿಯ ಸೀಟಿಗೆ ನನ್ನ ಜೊತೆಗೇ ಜಗಳ ತೆಗೆಯುತ್ತಿದ್ದಳು. ತಲೆಗೆ ಎಣ್ಣೆ ಹಚ್ಚಿಕೊಂಡೆ ಎಂದು ಸುಳ್ಳು ಹೇಳಿ, ನಾನು ಮುಟ್ಟಿ ನೋಡಿದರೆ ನಗುತ್ತಿದ್ದಳು. ಎಲ್ಲರೂ ಸೇರಿ ಅವಳನ್ನು ಒಳ್ಳೆಯವಳು ಮಾಡುತ್ತಾ ಮಾಡುತ್ತಾ ನನ್ನಿಂದ ಇನ್ನೊಂದು ಸಲ ಕಿತ್ತುಕೊಳ್ಳುತ್ತಿದ್ದಾರೆ ಅನ್ನಿಸಿತು. ಹಾಗೆ ಬಾಯಿಬಿಟ್ಟು ಹೇಳುವುದು ಹೇಗೆ.

ಬಸ್ಸಿನಲ್ಲಿ ಆ ಹುಡುಗ ಹೇಳಿದ ಕೆಲವು ದಿನಕ್ಕೆ ಸಿಟಿಯವರ ಆ ಮುಂದಾಳು ಹುಡುಗಿ ತನ್ನ ತಾಯಿಯ ಬ್ಲೌಸ್ ತೆಗೆದುಕೊಂಡು ಹೋಗಲು ನಮ್ಮ ಅಂಗಡಿಗೆ ಬಂದಳು. ನಾನು ಅಲ್ಲಿರುತ್ತೇನೆ ಎಂದು ಅವಳಿಗೆ ಗೊತ್ತಿರಲಿಲ್ಲ. ನೋಡಿ ಬಾಗಿಲಲ್ಲೇ ನಿಂತಳು. ಒಳಗೆ ಕರೆದು ಸ್ಟೂಲ್ ಕೊಟ್ಟೆ. ಬ್ಲೌಸಿಗೆ ಇನ್ನೂ ಹುಕ್ಸ್ ಹಾಕುವುದಿತ್ತು. ಹಾಕುತ್ತಾ ಹಾಕುತ್ತಾ ಅದನ್ನೇ ಕೇಳಿದೆ. ಅವಳೂ ಅದನ್ನೇ ಹೇಳಿದಳು. "ನಾನು ಹಾಕಿದ್ದು ಆಂಟಿ. ಎರಡು ಸಲ ಹಾಕಿಬಿಟ್ಟೆ."

ಸೂಜಿ ಬಟ್ಟೆಗೆ ಚುಚ್ಚಿ ಕೆಳಗಿಟ್ಟೆ.

"ಮೂರು ಜನನೂ ನಾನು ನಾನು ಅಂತೀರಿ. ಮೂರು ಜನ ಹಾಕಿದ್ರೆ ಅದನ್ನ ನಾಯೀನೂ ಮೂಸ್ತಿರಲಿಲ್ಲ. ನನ್ನ ಮಗಳು ಹಾಕಿದ್ರೆ ಹಾಕಿದ್ಲು ಅಂತ ಹೇಳಮ್ಮ. ನನಗೆ ಅವಳು ಬೇಕು. ಫೋಟೋದಾಗೆ ಇರೋಳು ಸಾಕಾಗೈತೆ."

ಹುಡುಗಿ ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಹೇಳತೊಡಗಿದಳು.

ಆ ಬೆಳಿಗ್ಗೆ ಸಿಟಿಯವರು ಮೊದಲು ಬಂದು ಕಡ್ಲೆಹಿಟ್ಟು ಕಲೆಸಿ, ಉಪ್ಪು ಅಜವಾನ ಎಲ್ಲ ಹಾಕಿ, ಮೇಲೊಂದು ತಟ್ಟೆ ಮುಚ್ಚಿ ಒಲೆ ತರಲು ಹೋದರಂತೆ. ಅಷ್ಟರಲ್ಲಿ ಬಸ್ಸಿನವರು ಬಂದರು. ನನ್ನ ಮಗಳು ತಟ್ಟೆ ಎತ್ತಿ ನೋಡಿದಳು. ಉಪ್ಪು ಬಿದ್ದಿದೆಯೋ ಇಲ್ಲವೋ ಎಂದು ತಮ್ಮ ತಮ್ಮಲ್ಲೇ ಕೇಳಿಕೊಂಡರು. ಸಿಟಿಯವರನ್ನು ಕೇಳುವಂತಿಲ್ಲ, ಮಾತು ಬಿಟ್ಟಿದೆ. ನಾಲಿಗೆಗೆ ಮುಟ್ಟಿಸಿ ನೋಡುವಂತೆಯೂ ಇಲ್ಲ. ಮೊದಲ ಮಿರ್ಚಿಯನ್ನು ಸರಸ್ವತಿಯ ಫೋಟೋದ ಮುಂದೆ ಎಡೆ ಇಡಬೇಕಿತ್ತು. ಎಡೆಗೆ ಇಡುವುದನ್ನು ಮೊದಲೇ ಬಾಯಿಗೆ ಹಾಕಿದರೆ ಎಂಜಲು. ಮನೆಯಲ್ಲಿ ಅದನ್ನು ಅವಳಿಗೆ ಕಲಿಸಿದವಳು ನಾನೇ. ಕೊನೆಗೆ ಅವಳು ತನಗೆ ಗೊತ್ತಿದೆ ಅನ್ನುವ ಹಾಗೆ ಒಂದು ಮುಷ್ಟಿ ಉಪ್ಪು ಹಾಕಿ ಕಲೆಸಿದಳು.

ಹೆಡ್ ಮಾಸ್ಟರು ಎಡೆಯ ಮಿರ್ಚಿ ತಿಂದು ನೀರು ಕುಡಿದು ಹೋದಮೇಲೆ ಎರಡು ಗುಂಪಿಗೂ ಜಗಳ ಹತ್ತಿಕೊಂಡಿತು. ನೀವು ಹಾಕಿದ್ದು, ನೀವು ಹಾಕಿದ್ದು ಎಂದು ಶುರುವಾಗಿ ಖೋ ಖೋ ತನಕ ಹೋಯಿತು. ಸ್ಟಾಲಿನ ಮುಂದೆ ಜನ ನಿಂತಿದ್ದಾರೆ, ಬಾಣಲೆಯಲ್ಲಿ ಎಣ್ಣೆ ಕಾಯುತ್ತಿದೆ, ಕರಿಯುವವರು ಯಾರೂ ಇಲ್ಲ. ಆಗ ನನ್ನ ಮಗಳು ನಡುವೆ ಬಂದು ನಿಂತಳಂತೆ.

"ನಾನು ಹಾಕಿದ್ದು. ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು. ಮಾತು ಬಿಟ್ಟಿದ್ವಲ್ಲ, ಕೇಳಾಕ ನಾಚಿಕೆ ಆತು."

ಅಷ್ಟು ಹೇಳಿ ಹಿಟ್ಟಿನ ಪಾತ್ರೆಯ ಮೇಲೇ ಬಗ್ಗಿ ಗೊಳೋ ಎಂದು ಅತ್ತಳಂತೆ. ವರ್ಷವೆಲ್ಲ ಅವಳ ಜೊತೆ ಮಾತಾಡದ ಈ ಹುಡುಗಿಯೇ ಪಾತ್ರೆಯನ್ನು ಈಚೆಗೆ ಎಳೆದುಕೊಂಡು ಹೇಳಿದಳು.

"ಅಳಬ್ಯಾಡ, ಆ ಕಡೆ ಸರಿ. ಕಣ್ಣೀರು ಬಿದ್ರೆ ಇನ್ನೂ ಉಪ್ಪಾಗ್ತೈತೆ."

ಮೊದಲು ನಕ್ಕದ್ದು ನನ್ನ ಮಗಳು. ಮೂಗು ಸೋರುತ್ತಿದ್ದರೂ ನಕ್ಕಳು. ಆಮೇಲೆ ಎಲ್ಲರೂ. ಆ ನಗುವಿನ ನಡುವೆಯೇ ಒಬ್ಬ ಸೈಕಲ್ಲಿನಲ್ಲಿ ಇನ್ನಷ್ಟು ಕಡ್ಲೆಹಿಟ್ಟು ತರಲು ಓಡಿದ. ಹಿಟ್ಟು ಸೇರಿಸಿದರೂ ಉಪ್ಪು ಪೂರ್ತಿ ಇಳಿಯಲಿಲ್ಲ. ಆಗ ಈ ಹುಡುಗಿಗೆ ಮಂಡಕ್ಕಿಗೆ ಉಪ್ಪೇ ಹಾಕುವುದು ಬೇಡ ಅನ್ನಿಸಿತು. ಬಂದವರಿಗೆಲ್ಲ, ಮಿರ್ಚಿ ಒಂದನ್ನೇ ತಿನ್ನಬ್ಯಾಡ್ರಿ, ಮಂಡಕ್ಕಿ ಕೂಡ ತಿನ್ರಿ ಎಂದು ಹೇಳಿ ಹೇಳಿ ಕೊಟ್ಟರು. ಹಾಗೆ ಹೇಳುವ ಕೆಲಸ ನನ್ನ ಮಗಳದು. ಅವಳ ದನಿ ಮೈದಾನದ ಆ ಕಡೆಗೂ ಕೇಳುತ್ತಿತ್ತಂತೆ. ಎಲ್ಲ ಮುಗಿದಮೇಲೆ ಉಳಿದ ಮಂಡಕ್ಕಿಯನ್ನು ಪೇಪರ್ ಹಾಸಿ ಸುರಿದು ಕ್ಲಾಸಿನವರೆಲ್ಲ ಸುತ್ತ ಕೂತು ತಿಂದರು. ನಮ್ಮ ಕಡೆ ಮಂಡಕ್ಕಿ ತಿನ್ನುವುದೇ ಹಾಗೆ, ತಟ್ಟೆ ಬೇರೆ ಮಾಡುವುದಿಲ್ಲ, ಎಲ್ಲರ ಕೈಯೂ ಒಂದೇ ಪೇಪರಿಗೆ. ಆದರೆ ಆ ಕ್ಲಾಸಿನವರು ಹಾಗೆ ಕೂತದ್ದು ಅಂದೇ ಮೊದಲು.

ಹುಡುಗಿ ಹೇಳಿ ಮುಗಿಸಿ, ಉಪ್ಪಿನ ಮಾತು ನಿಮಗೆ ತಿಳಿಸಬಾರದು ಎಂದು ಕ್ಲಾಸಿನವರೆಲ್ಲ ಮಾತಾಡಿಕೊಂಡಿದ್ದೆವು ಎಂದಳು. ತೀರಿಕೊಂಡವರ ತಪ್ಪು ಆಡಬಾರದಲ್ಲ ಆಂಟಿ ಎಂದಳು. ನಾನು ನಗುತ್ತಿದ್ದೆ. ನಗುತ್ತಿದ್ದೇನೆ ಎಂದು ನನಗೆ ಗೊತ್ತಾದದ್ದು ಅವಳು ನನ್ನ ಮುಖ ನೋಡಿದ ರೀತಿಯಿಂದ. ಆಮೇಲೆ ಆ ಬ್ಲೌಸನ್ನೇ ಮುಖಕ್ಕೆ ಒತ್ತಿಕೊಂಡೆ. ಅದನ್ನು ತೊಳೆದು ಒಣಗಿಸಿ ಇಸ್ತ್ರಿ ಮಾಡಿ ಮರುದಿನ ಕೊಟ್ಟೆ.

ಆ ಹುಡುಗಿ ಹೋಗಿ ಏನು ಹೇಳಿದಳೋ, ಮರುದಿನ ಬಸ್ಸಿನಲ್ಲಿ ಮಕ್ಕಳು ನನ್ನ ಸುತ್ತ ಬಂದು ನಿಂತರು. ಮಲೆಬೆನ್ನೂರಿನ ಹುಡುಗ ಹೆಡ್ ಮಾಸ್ಟರು ನೀರು ಕುಡಿದದ್ದನ್ನು ಮಾಡಿ ತೋರಿಸಿದ. ಒಂದು ಮುಷ್ಟಿ ಅಲ್ಲ ಆಂಟಿ, ಎರಡು ಮುಷ್ಟಿ ಹಾಕಿದ್ಲು, ನಾನು ಬ್ಯಾಡ ಅಂದ್ರೂ ಕೇಳಲಿಲ್ಲ ಎಂದು ನಂದಿಗುಡಿಯ ಹುಡುಗಿ ಈಗ ನನ್ನ ಮಗಳ ಮೇಲೆ ಸಿಟ್ಟು ಮಾಡಿದಳು. ಬ್ಯಾಡ ಅಂದದ್ದು ನೀನಲ್ಲ ನಾನು ಎಂದು ಹುಡುಗ ಅವಳ ಜೊತೆ ಜಗಳಕ್ಕೆ ನಿಂತ. ಕಂಡಕ್ಟರು ಗದರಿದ. ಅವನು ಗದರಿದ್ದು ಕೇಳಿ ನನಗೆ ಸಮಾಧಾನವಾಯಿತು.

ಆ ಮಕ್ಕಳು ಹತ್ತನೇ ತರಗತಿಯನ್ನೂ ಹಾಗೇ ಒಟ್ಟಿಗೆ ಕಳೆದರು. ಖೋ ಖೋ ತಂಡವನ್ನು ಬಸ್ಸು ಬಂದಮೇಲೆ ಆರಿಸುವಂತೆ ಸಿಟಿಯವರೇ ಹೋಗಿ ಕೇಳಿದರಂತೆ. ಪರೀಕ್ಷೆ ಮುಗಿದ ದಿನ ಎಲ್ಲರೂ ಅಂಗಡಿಯ ಮುಂದೆ ಬಂದು ಮಾತಾಡಿಸಿ ಹೋದರು. ಈಗ ಒಬ್ಬೊಬ್ಬರು ಒಂದೊಂದು ಕಾಲೇಜಿಗೆ ಸೇರಿದ್ದಾರೆ. ಎಲ್ಲಾದರೂ ಸಿಕ್ಕಿದರೆ ಮಾತಾಡಿಸುತ್ತಾರೆ, ನಾನು ಕೇಳಿದರೆ ಆ ದಿನದ ಸುದ್ದಿಯನ್ನು ಇನ್ನೊಂದು ಸಲ ಹೇಳುತ್ತಾರೆ. ಹೇಳಿದಾಗೆಲ್ಲ ಹೊಸದೇನಾದರೂ ಒಂದು ಸೇರುತ್ತದೆ.

ಆ ಶನಿವಾರ ಬೆಳಗಿನಿಂದ ಸಂಜೆ ತನಕ ಏನೇನಾಯಿತು ಎಂದು ಈಗ ನನಗೆ ಗೊತ್ತಿದೆ. ಅವಳು ಅದನ್ನು ಎಲ್ಲಿಂದ ಶುರು ಮಾಡುತ್ತಿದ್ದಳು, ಯಾರ ದನಿಯನ್ನು ಹೇಗೆ ಮಾಡುತ್ತಿದ್ದಳು, ತಾನು ಅತ್ತದ್ದನ್ನು ಹೇಳುತ್ತಿದ್ದಳೋ ಬಿಡುತ್ತಿದ್ದಳೋ, ಅದು ಗೊತ್ತಿಲ್ಲ. ಸಂಜೆ ನಮ್ಮ ಮನೆಯಲ್ಲಿ ಶಾಲೆಯ ಸುದ್ದಿ ಹೇಳುವವರು ಯಾರೂ ಇಲ್ಲ.