ಅಣ್ಣತಮ್ಮಂದಿರ ರಕ್ತ

ರಕ್ತಪರೀಕ್ಷೆಯ ಅಂಕಿಗಳು ಮನುಷ್ಯನ ಮಾತು ಕೇಳುತ್ತವೆ ಎಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಚಿತ್ರದುರ್ಗದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು ನಾನು. ದೆವ್ವ, ಶಕುನ ಯಾವುದನ್ನೂ ನಂಬಿದವಳಲ್ಲ. ಈಗ ನಂಬುತ್ತೇನೆಂದೂ ಹೇಳಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಹರಿಯಬ್ಬೆ ಕಡೆಯಿಂದ ಕುರಿ ಸಾಕುವ ಕರಿಯಣ್ಣ ಎಂಬವನನ್ನು ಕರೆತಂದರು. ಮಿದುಳಿನಲ್ಲಿ ರಕ್ತಸ್ರಾವವಾಗಿ ಪ್ರಜ್ಞೆ ತಪ್ಪಿತ್ತು. ಜೊತೆಗೆ ಉಳಿದವನು ತಮ್ಮ ಸಿದ್ದಣ್ಣ ಒಬ್ಬನೇ. ಕರಿಯಣ್ಣನ ರಕ್ತ ತೆಗೆದು, ಎಲ್ಲರಿಗೂ ಮಾಡುವ ಸಾಮಾನ್ಯ ಪರೀಕ್ಷೆಗಳನ್ನೇ ಮಾಡಿದೆ. ಸಕ್ಕರೆ ಏರಿತ್ತು. ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯವು ವಿಪರೀತ ಹೆಚ್ಚಿ, ಇನ್ನೊಂದು ಬಗೆಯವು ತೀರಾ ಕುಸಿದಿದ್ದವು. ಇಂಥ ರೋಗಿಗಳಲ್ಲಿ ಅದು ಒಳ್ಳೆಯ ಸೂಚನೆಯಲ್ಲ. ಡಾಕ್ಟರು ನೋಡಿ, "ಖಚಿತವಾಗಿ ಹೇಳೋಕಾಗಲ್ಲ, ಆದರೆ ಆಸೆ ಕಡಿಮೆ" ಎಂದರು.

ಸಿದ್ದಣ್ಣ ಲ್ಯಾಬಿನ ಬಾಗಿಲಿಗೆ ಬಂದು ನಿಂತ. "ರಕ್ತ ನೋಡಿದ್ರೆ ಸಾಯಾದು ಗೊತ್ತಾಗ್ತೈತೇನ್ರಿ ಅಕ್ಕಾರೆ?"

"ಒಂದು ಅಂದಾಜು ಸಿಗುತ್ತೆ, ಅಷ್ಟೇ."

"ಹಂಗಾದ್ರೆ ಅದು ಅಣ್ಣಂದಲ್ಲ ಬಿಡ್ರಿ, ನಂದು" ಎಂದು ವಾರ್ಡಿನ ಕಡೆ ಹೋದ. ದುಃಖದಲ್ಲಿ ಜನ ಏನೇನೋ ಅನ್ನುತ್ತಾರೆ. ನಾನು ತಲೆಗೆ ಹಾಕಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಕರಿಯಣ್ಣನ ರಕ್ತ ಮತ್ತೆ ತೆಗೆದೆ. ಎಲ್ಲವೂ ಹದಕ್ಕೆ ಬಂದಿತ್ತು. ಹೇಳೋಣವೆಂದು ಸಿದ್ದಣ್ಣನನ್ನು ಹುಡುಕಿಕೊಂಡು ಹೋದರೆ ಅವನು ವರಾಂಡದಲ್ಲಿ ಬಿದ್ದಿದ್ದ. ಅವನಿಗೂ ಮಿದುಳಿನಲ್ಲಿ ರಕ್ತಸ್ರಾವ. ಅಲ್ಲಿಯತನಕ ಅವನ ತೋಳಿಗೆ ನಮ್ಮಲ್ಲಿ ಯಾರೂ ಸೂಜಿ ಚುಚ್ಚಿರಲಿಲ್ಲ. ನಾನೇ ರಕ್ತ ತೆಗೆದೆ. ಫಲಿತಾಂಶವನ್ನು ಹಿಂದಿನ ದಿನದ ರಿಪೋರ್ಟಿನ ಪಕ್ಕ ಇಟ್ಟು ನೋಡಿದೆ. ಅಣ್ಣನ ಮೊದಲ ದಿನದ ಅಂಕಿಗಳೇ, ಒಂದೂ ಆಚೀಚೆಯಿಲ್ಲ. ಒಂದೇ ರಕ್ತವನ್ನು ಎರಡು ಸಲ ಪರೀಕ್ಷಿಸಿದರೂ ಹಾಗೆ ಬರುವುದಿಲ್ಲ. ಯಂತ್ರ ಕೆಟ್ಟಿರಬೇಕೆಂದು ಬೇರೆಯವರ ರಕ್ತ ಹಾಕಿ ನೋಡಿದೆ, ಸರಿಯಾಗಿತ್ತು. ಸಿದ್ದಣ್ಣನದನ್ನು ಮತ್ತೆ ಹಾಕಿದೆ. ಅವೇ ಅಂಕಿಗಳು. ಸಂಜೆಯೊಳಗೆ ಅವನು ತೀರಿಕೊಂಡ.

ಕರಿಯಣ್ಣನಿಗೆ ಪ್ರಜ್ಞೆ ಬಂದಾಗ ನಾನು ಪಕ್ಕದಲ್ಲೇ ಇದ್ದೆ. ತಮ್ಮನ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಅವನು ತೊದಲುತ್ತಾ, "ತಮ್ಮ ನನ್ ಸಾವು ಕೇಳ್ದ ಕಣಕ್ಕಾ. ಕೊಡಾಕಿಲ್ಲ ಅಂದೆ. ಕಿತ್ಕಂಡು ಹೋದ" ಎಂದ.

ಡಾಕ್ಟರು ಕಾಕತಾಳೀಯ ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಇರಬಹುದು. ನನಗಂತೂ ಬೇರೆ ವಿವರಣೆ ಇವತ್ತಿಗೂ ಸಿಕ್ಕಿಲ್ಲ. ನಾನು ಅದೇ ಲ್ಯಾಬಿನಲ್ಲಿದ್ದೇನೆ. ರೋಗಿಯ ಕಡೆಯವರು ಯಾರಾದರೂ ಬಂದು "ರಿಪೋರ್ಟ್ ಹೆಂಗೈತೆ?" ಎಂದು ಕೇಳಿದರೆ, ಡಾಕ್ಟರನ್ನೇ ಕೇಳಿ ಎಂದು ಹೇಳಿ, ಅವರು ಇನ್ನೊಂದು ಮಾತಾಡುವ ಮೊದಲೇ ಬಾಗಿಲು ಹಾಕಿಕೊಳ್ಳುತ್ತೇನೆ.